ಅನುವೀಚಿ ಭಾಷಣವೂ ಇಮೇಲಿನ ಕಾವಲೂ

ಅಷ್ಟಮಿ, ಚತುರ್ದಶಿಗಳಂದು ಪ್ರೋಷಧೋಪವಾಸವನ್ನು ಕೈಕೊಳ್ಳುವ ಶ್ರಾವಕ-ಶ್ರಾವಿಕೆಯರು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಜೈನ ಮನೆಗಳಲ್ಲಿ ಇಂದಿಗೂ ಇದ್ದಾರೆ. ನಾಲ್ಕು ಬಗೆಯ ಆಹಾರವನ್ನು ತ್ಯಜಿಸಿ, ಬಸದಿಯಲ್ಲಿ ಜಿನದರ್ಶನವನ್ನು ಮಾಡಿ, ಮನೆವಾರ್ತೆಯ ಆರಂಭಗಳನ್ನೂ ಬದಿಗಿರಿಸಿ ಹಗಲನ್ನು ಸ್ವಾಧ್ಯಾಯದಲ್ಲಿ ಕಳೆಯಬೇಕೆಂಬುದು ಈ ವ್ರತದ ವಿಧಿ. ಅಂದು ಅಡಿಗೆಮನೆಯ ಒಲೆ ಆರಿರುತ್ತದೆ. ಆದರೆ ಅಂಗೈಯೊಳಗಿನ ಫೋನು ಆರಿರುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಹಸಿವು ಏರುತ್ತದೆ, ಹಸಿವಿನೊಡನೆ ಸಿಡುಕೂ ಏರುತ್ತದೆ. ಕಚೇರಿಯಿಂದ ಬಂದ ಪತ್ರಕ್ಕೆ ಒಂದು ಬಿರುನುಡಿ, ದಾಯಾದಿಯ ಪತ್ರಕ್ಕೆ ಇನ್ನೊಂದು ಬಿರುನುಡಿ ಗುಂಡಿಯೊತ್ತಿದೊಡನೆ ಹೊರಟುಹೋಗುತ್ತದೆ. ಬಾಯಿಗೆ ಉಪವಾಸ, ಬೆರಳಿಗೆ ಊಟ. ಮೌನವನ್ನು ಹಿಡಿದವರೂ ಇದಕ್ಕೆ ಹೊರತಲ್ಲ. ನಾಲಗೆಯನ್ನು ಕಟ್ಟಿದರೆ ಮೌನವಾಯಿತೆಂದು ಬಗೆದು ಬರೆಹವನ್ನು ಲೆಕ್ಕಕ್ಕೆ ಹಿಡಿಯದವರು ಬಹಳ ಮಂದಿ.

ಬರೆಹವೂ ವಚನವೇ ಎಂಬುದರಲ್ಲಿ ಶಾಸ್ತ್ರಕ್ಕೆ ಸಂದೇಹವಿಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳನ್ನು ಹೇಳುವಾಗ ಉಮಾಸ್ವಾಮಿ ಆಚಾರ್ಯರು ಕೂಟಲೇಖಕ್ರಿಯೆಯನ್ನು, ಎಂದರೆ ಕಪಟ ಬರೆವಣಿಗೆಯನ್ನು, ಬೇರೆಯಾಗಿಯೇ ಎಣಿಸಿದ್ದಾರೆ. ಅದೇ ಅಧ್ಯಾಯದಲ್ಲಿ ಸತ್ಯವ್ರತವು ಸ್ಥಿರವಾಗಿ ನಿಲ್ಲುವುದಕ್ಕೆ ಐದು ಭಾವನೆಗಳನ್ನೂ ವಿಧಿಸಿದ್ದಾರೆ. ಕ್ರೋಧವನ್ನು ಬಿಡುವುದು, ಲೋಭವನ್ನು ಬಿಡುವುದು, ಅಂಜಿಕೆಯನ್ನು ಬಿಡುವುದು, ಹಾಸ್ಯವನ್ನು ಬಿಡುವುದು ಮೊದಲ ನಾಲ್ಕು. ಐದನೆಯದು ಅನುವೀಚಿ ಭಾಷಣ: ಆಡುವುದಕ್ಕೆ ಮೊದಲು ವಿಚಾರಿಸಿ, ನಿರ್ದೋಷವೆಂದು ಕಂಡುಕೊಂಡು ಆಡುವುದು. ಮನುಷ್ಯನು ಸುಳ್ಳಾಡುವುದೂ ಕೆಡುಕಾಡುವುದೂ ಸಿಟ್ಟಿನಿಂದ, ಆಸೆಯಿಂದ, ಹೆದರಿಕೆಯಿಂದ, ತಮಾಷೆಯಿಂದ. ಈ ನಾಲ್ಕೂ ಇಲ್ಲದಾಗಲೂ ಬರಿಯ ಅಜಾಗರೂಕತೆಯಿಂದ ತಪ್ಪುವುದುಂಟು. ಆ ಕೊನೆಯ ಬಾಗಿಲಿಗೆ ಆಚಾರ್ಯರು ಇರಿಸಿದ ಅಗುಳಿಯೇ ಅನುವೀಚಿ ಭಾಷಣ.

ಈ ಐದನೆಯ ಭಾವನೆಯನ್ನು ಹೋಲುವ ಒಂದು ಪರಿಕರವನ್ನು ಕಂಪ್ಯೂಟರ್ ಬಲ್ಲವರು ಇಂದು ರಚಿಸುತ್ತಿದ್ದಾರೆ. ಇಮೇಲ್ ಹೊರಡುವ ಮೊದಲು ಅದನ್ನು ಕ್ಷಣಕಾಲ ಹಿಡಿದು ನಿಲ್ಲಿಸಿ ಪರೀಕ್ಷಿಸುವ ಸಣ್ಣ ಕಾರ್ಯಕ್ರಮವದು. ಮುಖ್ಯ ಕಾರ್ಯಕ್ರಮಕ್ಕೆ ಜೋಡಿಸಿ ಬಳಸುವುದರಿಂದ ಅದನ್ನು ಆಡ್-ಇನ್ ಎನ್ನುತ್ತಾರೆ. ತುಳುನಾಡಿನ ಜೈನ ಮನೆಗಳ ಮಕ್ಕಳು ಬೆಂಗಳೂರು, ಮಂಗಳೂರು, ಪರದೇಶಗಳಲ್ಲಿ ಇಂಥ ಉದ್ಯೋಗಗಳಲ್ಲಿರುವುದರಿಂದ ಇದರ ವಿಷಯವನ್ನು ಹಿರಿಯರೂ ತಿಳಿದಿರುವುದು ಒಳ್ಳೆಯದು. ದೃಷ್ಟಾಂತಕ್ಕಾಗಿ ಬೆಳ್ತಂಗಡಿ ಕಡೆಯ ಒಬ್ಬ ಯುವಕನನ್ನು ಕಲ್ಪಿಸಿಕೊಳ್ಳಬಹುದು. ಅವನು ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ಕೆಲಸದಲ್ಲಿದ್ದಾನೆ. ನೌಕರರ ಪತ್ರಗಳು ಹೊರಡುವ ಮುನ್ನ ಪರಿಶೀಲಿಸುವ ಆಡ್-ಇನ್ ಒಂದನ್ನು ಕಟ್ಟಿಕೊಡುವಂತೆ ಮೇಲಧಿಕಾರಿ ಅವನಿಗೆ ಒಪ್ಪಿಸಿದ್ದಾನೆ.

ಮೈಕ್ರೋಸಾಫ್ಟ್ ಸಂಸ್ಥೆಯ ಔಟ್‌ಲುಕ್ ಎಂಬ ಅಂಚೆಯ ಕಾರ್ಯಕ್ರಮದಲ್ಲಿ ಇದರ ರೀತಿ ಹೀಗಿದೆ. ಆಡ್-ಇನ್ ತನ್ನ ಪರಿಚಯವನ್ನೂ ತನಗೆ ಬೇಕಾದ ಅಧಿಕಾರವನ್ನೂ ಮ್ಯಾನಿಫೆಸ್ಟ್ ಎಂಬ ಘೋಷಣಾಪತ್ರದಲ್ಲಿ ಮೊದಲೇ ಬರೆದು ಒಪ್ಪಿಸಬೇಕು. ಬರೆಯುವವನು ಕಳುಹಿಸುವ ಗುಂಡಿಯನ್ನು ಒತ್ತಿದೊಡನೆ ಔಟ್‌ಲುಕ್ ಪತ್ರವನ್ನು ತಡೆದು ನಿಲ್ಲಿಸಿ ಆಡ್-ಇನ್ನಿಗೆ ಸೂಚನೆ ಕೊಡುತ್ತದೆ. ಆಗ ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಬರೆದ ಒಂದು ತುಣುಕು ಎಚ್ಚರಗೊಂಡು, ಪತ್ರ ಯಾರಿಗೆ, ವಿಷಯವೇನು, ಒಡಲಲ್ಲಿ ಏನಿದೆ, ಲಗತ್ತುಗಳು ಎಷ್ಟು ಎಂಬುದನ್ನು ಕೇಳಿ ತಿಳಿದುಕೊಂಡು, ಹೋಗಲಿ ಎಂದೋ ನಿಲ್ಲಲಿ ಎಂದೋ ತೀರ್ಪು ಹೇಳುತ್ತದೆ. ನಿಲ್ಲಲಿ ಎಂದರೆ ಕಾರಣವನ್ನೂ ಒಂದೆರಡು ಸಾಲಿನಲ್ಲಿ ಬರೆದವನ ಮುಂದೆ ಇಡಬೇಕು. ಇದಕ್ಕೆಲ್ಲ ಇರುವ ಗರಿಷ್ಠ ಅವಧಿ 5 ನಿಮಿಷ. ಸಾಮಾನ್ಯವಾಗಿ ಒಂದೆರಡು ಉಸಿರಿನಲ್ಲಿ ಕೆಲಸ ಮುಗಿದಿರುತ್ತದೆ.

ಕಳುಹಿಸಿದ ಮೇಲೆ ಹಿಂದಕ್ಕೆ ತೆಗೆದುಕೊಳ್ಳುವ ಸೌಕರ್ಯವೂ ಇದೆಯಲ್ಲ, ಇದೇಕೆ ಎಂದು ಕೆಲವರು ಕೇಳಬಹುದು. ಜಿಮೇಲಿನಲ್ಲಿ 2009ರಲ್ಲಿ ಪ್ರಯೋಗವಾಗಿ ಬಂದು 2015ರಲ್ಲಿ ಎಲ್ಲರಿಗೂ ದೊರೆತ ಆ ಸೌಕರ್ಯ ನಿಜದಲ್ಲಿ ಹಿಂದಕ್ಕೆ ಕರೆಯುವುದಲ್ಲ. ಗುಂಡಿಯೊತ್ತಿದ ಮೇಲೂ ಪತ್ರವನ್ನು ಹೆಚ್ಚೆಂದರೆ 30 ಸೆಕೆಂಡು ತನ್ನಲ್ಲೇ ಇರಿಸಿಕೊಂಡಿರುತ್ತದೆ, ಅಷ್ಟೆ. ಆ ಅವಧಿ ಕಳೆದರೆ ಮಾತು ಮಾತೇ. 1971ರಲ್ಲಿ ರೇ ಟಾಮ್ಲಿನ್‌ಸನ್ ಒಂದು ಗಣಕದಿಂದ ಇನ್ನೊಂದಕ್ಕೆ ಜಾಲದ ಮೂಲಕ ಮೊದಲ ಪತ್ರವನ್ನು ಕಳುಹಿಸಿದಂದಿನಿಂದ ಈ ಅಂಚೆಯ ಗುಣವೇ ವೇಗ. ಬಂಟ್ವಾಳ ಪೇಟೆಯ ವರ್ತಕನು ಹಿಂದಿನ ಕಾಲದಲ್ಲಿ ಕೋಪದ ಕಾಗದವನ್ನು ಬರೆದರೂ ಅದನ್ನು ಮಡಚಿ, ಅಂಟಿಸಿ, ಅಂಚೆಪೆಟ್ಟಿಗೆಯವರೆಗೆ ನಡೆಯುವಷ್ಟರಲ್ಲಿ ನೇತ್ರಾವತಿಯ ಗಾಳಿಗೆ ತಲೆ ತಣ್ಣಗಾಗುವುದಕ್ಕೆ ಅವಕಾಶವಿತ್ತು. ಅವನ ಮೊಮ್ಮಗನಿಗೆ ಆ ನಡಿಗೆ ಇಲ್ಲ. ಷಡಾವಶ್ಯಕಗಳಲ್ಲಿ ಪ್ರತಿಕ್ರಮಣವು ಆಗಿಹೋದ ದೋಷಕ್ಕೆ, ಪ್ರತ್ಯಾಖ್ಯಾನವು ಮುಂದೆ ಆಗಬಾರದ ದೋಷಕ್ಕೆ. ಮೂವತ್ತು ಸೆಕೆಂಡಿನ ಸೌಕರ್ಯ ಪ್ರತಿಕ್ರಮಣಕ್ಕೂ ಸಾಲದು. ಯುವಕನು ಕಟ್ಟಬೇಕಾದದ್ದು ಪ್ರತ್ಯಾಖ್ಯಾನದ ಜಾತಿಗೆ ಸೇರಿದ್ದು.

ಏನನ್ನು ಪರೀಕ್ಷಿಸಬೇಕು ಎಂಬಲ್ಲಿ ಅವನ ಕಷ್ಟ ಮೊದಲಾಗುತ್ತದೆ. ಮೊದಲನೆಯದು ವಿಳಾಸ. ಹೆಸರಿನ ಎರಡಕ್ಷರವನ್ನು ಒತ್ತಿದರೆ ಉಳಿದದ್ದನ್ನು ಯಂತ್ರವೇ ತುಂಬಿಕೊಡುತ್ತದೆ. ಊರಿಗೆ ಊರೇ ಹೆಸರಿನ ಕೊನೆಗೆ ‘ಜೈನ್’ ಎಂದು ಬರೆದುಕೊಳ್ಳುವ ಸೀಮೆಯಲ್ಲಿ, ಒಂದೇ ಹೆಸರಿನ ನಾಲ್ವರು ಹುಡುಗರು ಒಂದೇ ಶಾಲೆಯಲ್ಲಿ ಕಲಿತಿರುವಲ್ಲಿ, ಮೂಡುಬಿದಿರೆಯವನಿಗೆ ಹೋಗಬೇಕಾದ ಪತ್ರ ದುಬಾಯಿಯವನಿಗೆ ಹೋಗುವುದು ವಿಚಿತ್ರವಲ್ಲ. ಆದ್ದರಿಂದ ಪತ್ರವು ಸಂಸ್ಥೆಯ ಹೊರಗಿನ ವಿಳಾಸಕ್ಕೆ ಹೋಗುತ್ತಿದ್ದರೆ ಒಮ್ಮೆ ತೋರಿಸಿ ಕೇಳಬೇಕು. ಎಲ್ಲರಿಗೂ ಉತ್ತರಿಸುವ ಗುಂಡಿಯನ್ನು ಒತ್ತಿ ಒಬ್ಬನಿಗೆ ಹೇಳಬೇಕಾದದ್ದನ್ನು ಮೂವತ್ತು ಮಂದಿಗೆ ಹೇಳುತ್ತಿದ್ದರೆ ಆ ಸಂಖ್ಯೆಯನ್ನು ಮುಂದಿಡಬೇಕು. ಲಗತ್ತಿದೆಯೆಂದು ಬರೆದು ಲಗತ್ತನ್ನೇ ಇಡದಿದ್ದರೆ ನೆನಪಿಸಬೇಕು. ಇದು ಸಣ್ಣ ತಪ್ಪಾದರೂ ದಿನದಿನವೂ ನಡೆಯುವ ತಪ್ಪು.

ಇಲ್ಲಿ ಒಂದು ಸೂಕ್ಷ್ಮವಿದೆ. ಇಂಗ್ಲಿಷಿನಲ್ಲಿ ಲಗತ್ತನ್ನು ಹೇಳುವ ಒಂದೆರಡು ಶಬ್ದಗಳನ್ನು ಹುಡುಕಿದರೆ ಕೆಲಸ ಬಹುಮಟ್ಟಿಗೆ ಆಗುತ್ತದೆ. ಕನ್ನಡದಲ್ಲಿ ‘ಲಗತ್ತಿಸಿದೆ’, ‘ಲಗತ್ತಿಸಲಾಗಿದೆ’, ‘ಲಗತ್ತಿಸಿರುತ್ತೇನೆ’, ‘ಇದರೊಂದಿಗೆ ಇರಿಸಿದೆ’, ‘ಜತೆಗಿಟ್ಟಿದ್ದೇನೆ’ ಎಂದು ಒಬ್ಬೊಬ್ಬರೂ ಒಂದೊಂದು ವಿಧವಾಗಿ ಬರೆಯುತ್ತಾರೆ. ತುಳುವನ್ನು ಕನ್ನಡ ಲಿಪಿಯಲ್ಲಿ ಬರೆಯುವವರು ಕೆಲವರು, ರೋಮನ್ ಲಿಪಿಯಲ್ಲಿ ಮನಬಂದಂತೆ ಬರೆಯುವವರು ಹಲವರು. ಇಂಗ್ಲಿಷಿನ ಶಬ್ದಗಳನ್ನು ಮಾತ್ರ ಕಲಿಸಿದ ಕಾವಲುಗಾರನ ಮುಂದೆ ಕನ್ನಡದ ಪತ್ರ ಯಾವ ಪ್ರಶ್ನೆಯೂ ಇಲ್ಲದೆ ಹಾದುಹೋಗುತ್ತದೆ. ಪರೀಕ್ಷೆಯಲ್ಲಿ ತೇರ್ಗಡೆಯಾಯಿತೆಂದು ಬರೆದವನು ನಂಬಿ ಕುಳಿತಿರುತ್ತಾನೆ. ಕಾವಲೇ ಇಲ್ಲದಿರುವುದಕ್ಕಿಂತ ಇದು ಹೆಚ್ಚು ಅಪಾಯ. ಅಹಿಂಸೆಯನ್ನೂ ಸತ್ಯವನ್ನೂ ಕುರಿತ ಸೂತ್ರಗಳಲ್ಲಿ ಶಾಸ್ತ್ರವು ದೋಷದ ಮೂಲವಾಗಿ ಬೊಟ್ಟು ಮಾಡುವ ಪ್ರಮಾದವು ಇಂಥ ನಂಬಿಕೆಯ ನೆರಳಲ್ಲೇ ಬೆಳೆಯುವುದು.

ಹಾಗೆಂದು ಮಾತುಮಾತಿಗೂ ತಡೆದರೂ ಕೆಡುಕೇ. ದಿನಕ್ಕೆ ಇಪ್ಪತ್ತು ಸಲ ‘ನಿಶ್ಚಯವೇ?’ ಎಂದು ಕೇಳಿಸಿಕೊಂಡವನು ಇಪ್ಪತ್ತೊಂದನೆಯ ಸಲ ಪ್ರಶ್ನೆಯನ್ನು ಓದುವುದೇ ಇಲ್ಲ. ಬೆರಳು ತಾನಾಗಿಯೇ ‘ಹೌದು’ ಎಂದು ಒತ್ತುತ್ತದೆ. ಅರ್ಥವರಿಯದೆ ಪ್ರತಿಕ್ರಮಣ ಪಾಠವನ್ನು ಒಂದೇ ಉಸಿರಿಗೆ ಮುಗಿಸುವವರು ಪ್ರತಿ ಊರಿನಲ್ಲೂ ಇರುವುದರಿಂದ ಈ ಮಾತನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಕಾವಲುಗಾರನು ಅಪರೂಪಕ್ಕೆ ಬಾಯಿ ತೆರೆಯಬೇಕು, ತೆರೆದಾಗ ಕಾರಣವಿರಬೇಕು.

ಇನ್ನು ಕಾವಲುಗಾರನ ಸ್ವಂತ ನಡತೆಯ ವಿಚಾರ. ಶ್ರಾವಕನಾದ ಯುವಕನು ಎಲ್ಲಕ್ಕಿಂತ ಹೆಚ್ಚು ಹೊತ್ತು ಇದರ ಮೇಲೆ ಕುಳಿತು ಚಿಂತಿಸಬೇಕು. ಪತ್ರವನ್ನು ಪರೀಕ್ಷಿಸುವವನು ಪತ್ರವನ್ನು ಓದಲೇಬೇಕಾಗುತ್ತದೆ. ಔಟ್‌ಲುಕ್ ಆಡ್-ಇನ್ನುಗಳಿಗೆ ನಾಲ್ಕು ಹಂತದ ಅಧಿಕಾರವನ್ನು ಗೊತ್ತುಮಾಡಿದೆ. ಅತಿ ಕೆಳಗಿನದರಲ್ಲಿ ಬಹು ಸ್ವಲ್ಪ. ಎರಡನೆಯದರಲ್ಲಿ ಎದುರಿಗಿರುವ ಪತ್ರವನ್ನು ಓದಬಹುದು. ಮೂರನೆಯದರಲ್ಲಿ ಅದನ್ನು ತಿದ್ದಲೂಬಹುದು. ನಾಲ್ಕನೆಯದರಲ್ಲಿ ಆ ಮನುಷ್ಯನ ಇಡೀ ಅಂಚೆಪೆಟ್ಟಿಗೆಯೇ ಕೈಗೆ ಬರುತ್ತದೆ. ಮುಂದೆ ಯಾವಾಗಲಾದರೂ ಬೇಕಾದೀತೆಂದು ನಾಲ್ಕನೆಯದನ್ನೇ ಕೇಳಿಡುವ ಚಪಲ ಕಟ್ಟುವವನಿಗೆ ಸಹಜ. ಪರಿಗ್ರಹ ಪರಿಮಾಣ ವ್ರತವು ಹೊಲಕ್ಕೆ, ಮನೆಗೆ, ಚಿನ್ನಕ್ಕೆ ಮೇರೆ ಹಾಕಿಕೊಳ್ಳುವುದೆಂದು ಮಾತ್ರ ತಿಳಿದವನಿಗೆ ಇಲ್ಲಿ ಪರಿಗ್ರಹ ಕಾಣುವುದಿಲ್ಲ. ಎದುರಿಗಿರುವ ಒಂದು ಪತ್ರದ ವಿಳಾಸವನ್ನು ಎಣಿಸುವುದಕ್ಕೆ ಹತ್ತು ವರ್ಷದ ಪತ್ರಗಳ ಬೀಗದ ಕೈಯನ್ನು ಏಕೆ ಇಟ್ಟುಕೊಳ್ಳಬೇಕು?

ಓದಿದ್ದನ್ನು ಎಲ್ಲಿಗೆ ಒಯ್ಯುತ್ತದೆ ಎಂಬುದು ಇನ್ನೂ ಗಂಭೀರ. ಬಳಸುವವನ ಗಣಕದಲ್ಲಿಯೇ ಪರೀಕ್ಷೆ ಮುಗಿಸಿ ಮರೆತುಬಿಡುವ ಆಡ್-ಇನ್ ಒಂದು ಬಗೆ. ಪತ್ರದ ಒಡಲನ್ನು ದೂರದ ಗಣಕಕ್ಕೆ ಕಳುಹಿಸಿ, ಅಲ್ಲಿ ಪರೀಕ್ಷೆ ಮಾಡಿಸಿ, ಪ್ರತಿಯೊಂದನ್ನು ಅಲ್ಲಿಯೇ ಉಳಿಸಿಕೊಳ್ಳುವುದು ಇನ್ನೊಂದು ಬಗೆ. ಪತ್ರವು ಬರೆದವನು ನಂಬಿ ಒಪ್ಪಿಸಿದ ನ್ಯಾಸ. ಅದನ್ನು ಅವನಿಗೆ ತಿಳಿಯದಂತೆ ಇಟ್ಟುಕೊಂಡರೆ ನ್ಯಾಸಾಪಹಾರ, ಗುಟ್ಟನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟರೆ ರಹೋಭ್ಯಾಖ್ಯಾನ, ಬರೆಹದ ಲಕ್ಷಣದಿಂದ ಅವನ ಮನಸ್ಸಿನ ಅಭಿಪ್ರಾಯವನ್ನು ಊಹಿಸಿ ಹೊರಗೆಡಹಿದರೆ ಸಾಕಾರಮಂತ್ರಭೇದ. ಪರರ ಸತ್ಯವ್ರತವನ್ನು ಕಾಯಲು ಹೊರಟ ಯಂತ್ರವೇ ಐದು ಅತಿಚಾರಗಳಲ್ಲಿ ಮೂರಕ್ಕೆ ಹೀಗೆ ಪಾತ್ರವಾಗಬಹುದು! ಮೇಲಧಿಕಾರಿ ಇದನ್ನು ಕೇಳದಿದ್ದರೂ ಕಟ್ಟುವವನು ತಾನಾಗಿ ಹೇಳಬೇಕು, ಬಳಸುವ ನೌಕರರಿಗೂ ಮುಚ್ಚಿಡದೆ ತಿಳಿಸಬೇಕು.

ತಡೆಯುವುದರಲ್ಲಿಯೂ ಮೂರು ಬಗೆಗಳಿವೆ. ಮೊದಲನೆಯದು ದೋಷವನ್ನು ತೋರಿಸಿ ಕೇಳುತ್ತದೆ. ಆದರೂ ಕಳುಹಿಸುವೆನೆಂದರೆ ಬಿಟ್ಟುಕೊಡುತ್ತದೆ. ಎರಡನೆಯದು ದೋಷವನ್ನು ತಿದ್ದುವವರೆಗೆ ಬಿಡುವುದಿಲ್ಲ, ಆದರೆ ಆಡ್-ಇನ್ ತಾನೇ ಕೆಟ್ಟು ಎಚ್ಚರಗೊಳ್ಳದಿದ್ದರೆ ಪತ್ರ ಹೋಗಿಬಿಡುತ್ತದೆ. ಮೂರನೆಯದರಲ್ಲಿ ಕಾವಲುಗಾರನು ಎದ್ದಿಲ್ಲವಾದರೆ ಬಾಗಿಲೂ ತೆರೆಯುವುದಿಲ್ಲ. ಎಲ್ಲರೂ ತಂದು ಬಳಸುವಂತೆ ಮೈಕ್ರೋಸಾಫ್ಟಿನ ಸಾರ್ವಜನಿಕ ಅಂಗಡಿಯಲ್ಲಿ ಇಡುವ ಆಡ್-ಇನ್ನುಗಳಿಗೆ ಮೂರನೆಯ ಬಗೆಗೆ ಅನುಮತಿಯಿಲ್ಲ. ಎಲ್ಲಕ್ಕಿಂತ ಕಠಿನವಾದ ಅದನ್ನು ಸಂಸ್ಥೆಯ ಆಡಳಿತದವರೇ ತಮ್ಮ ಸಂಸ್ಥೆಯೊಳಗೆ ಅಳವಡಿಸಿಕೊಳ್ಳಬೇಕು. ಈ ನಿಯಮವನ್ನು ಮಾಡಿದವರು ವ್ರತವಿಧಾನವನ್ನು ಓದಿ ಮಾಡಿದವರಲ್ಲ, ಆದರೂ ಓದಿದವನು ಮೆಚ್ಚುವಂತಿದೆ. ಬ್ಯಾಂಕಿನ ಖಾತೆದಾರರ ವಿವರ, ಆಸ್ಪತ್ರೆಯ ರೋಗಿಯ ವಿವರ ಹೊರಗೆ ಹೋಗದಂತೆ ಗಟ್ಟಿಯಾಗಿ ತಡೆಯುವುದು ಸಂಸ್ಥೆಯ ಕರ್ತವ್ಯ. ಅಲ್ಲಿ ಇತರರ ಹಾನಿಯ ಪ್ರಶ್ನೆಯಿದೆ. ಒಬ್ಬನ ಮಾತಿನ ಒರಟುತನವನ್ನು ಬಲದಿಂದ ತಡೆದರೆ ಮಾತು ನಿಂತೀತು, ವ್ರತವಾಗದು. ಪ್ರೋಷಧದ ದಿನ ಅಡಿಗೆಮನೆಗೆ ಬೀಗ ಹಾಕಿ ಕೂಡಿಹಾಕಿದವನನ್ನು ಉಪವಾಸಿಯೆಂದು ಯಾರೂ ಕರೆಯುವುದಿಲ್ಲ. ಕಳುಹಿಸುವ ದಾರಿ ತೆರೆದಿದ್ದೂ ಕೈಯನ್ನು ಹಿಂದೆಗೆದವನದು ತ್ಯಾಗ.

ಮೂಡುಬಿದಿರೆಯ ಗುರುಬಸದಿಯಲ್ಲಿ ಶತಮಾನಗಳ ಕಾಲ ತಾಳೆಗರಿಗಳಲ್ಲಿ ಕಾಪಾಡಿಕೊಂಡು ಬಂದ ಧವಲಾ ಗ್ರಂಥದಲ್ಲಿ ಇದಕ್ಕೆ ಹೊಂದುವ ಒಂದು ವೃತ್ತಾಂತವಿದೆ. ವೀರಸೇನಾಚಾರ್ಯರು ರಚಿಸಿದ ಆ ಟೀಕೆ 1939ರಿಂದ ಅಚ್ಚಾಗತೊಡಗುವ ತನಕ ಹೆಚ್ಚಿನವರಿಗೆ ದರ್ಶನಕ್ಕೆ ಮಾತ್ರ ದೊರೆಯುತ್ತಿತ್ತು, ಓದಿಗೆ ದೊರೆಯುತ್ತಿರಲಿಲ್ಲ. ಗಿರಿನಗರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರಿಗೆ ಶ್ರುತವು ತಮ್ಮೊಡನೆ ಅಳಿದುಹೋದೀತೆಂಬ ಚಿಂತೆಯಾಯಿತು. ದಕ್ಷಿಣಾಪಥದಿಂದ ಬಂದ ಇಬ್ಬರು ಮುನಿಗಳಿಗೆ ಅದನ್ನು ಒಪ್ಪಿಸುವ ಮೊದಲು ಅವರು ಪರೀಕ್ಷೆಯೊಂದನ್ನು ಒಡ್ಡಿದರು. ಒಬ್ಬರಿಗೆ ಕೊಟ್ಟ ಮಂತ್ರದಲ್ಲಿ ಒಂದಕ್ಷರ ಹೆಚ್ಚು, ಇನ್ನೊಬ್ಬರದರಲ್ಲಿ ಒಂದಕ್ಷರ ಕಡಿಮೆ. ಎರಡು ದಿನದ ಉಪವಾಸವಿದ್ದು ಇದನ್ನು ಸಾಧಿಸಿರೆಂದು ಅಪ್ಪಣೆ ಕೊಟ್ಟರು. ಸಾಧಿಸಿದಾಗ ಪ್ರತ್ಯಕ್ಷರಾದ ದೇವತೆಯರಲ್ಲಿ ಒಬ್ಬಳಿಗೆ ಹಲ್ಲು ಮುಂದಕ್ಕೆ ಚಾಚಿತ್ತು, ಇನ್ನೊಬ್ಬಳಿಗೆ ಒಂದೇ ಕಣ್ಣಿತ್ತು. ದೇವತೆಯರಿಗೆ ವಿಕಾರವಿರುವುದು ಸ್ವಭಾವವಲ್ಲವೆಂದು ಬಗೆದು ಮುನಿಗಳಿಬ್ಬರೂ ತಾವು ಜಪಿಸಿದ ಮಂತ್ರದ ಕಡೆಗೇ ಕಣ್ಣು ಹೊರಳಿಸಿದರು. ಮಂತ್ರವ್ಯಾಕರಣಕ್ಕೆ ಹಿಡಿದು ನೋಡಿ, ಹೆಚ್ಚಿದ್ದನ್ನು ತೆಗೆದು, ಕಡಿಮೆಯಿದ್ದುದನ್ನು ಕೂಡಿಸಿ ಮತ್ತೆ ಜಪಿಸಿದರು. ದೇವತೆಯರು ಸಹಜ ರೂಪದಿಂದ ಬಂದರು. ಪುಷ್ಪದಂತ, ಭೂತಬಲಿಗಳೆಂದು ಲೋಕವರಿತ ಆ ಇಬ್ಬರಿಗೆ ಗುರುಗಳು ಆಮೇಲೆಯೇ ಶ್ರುತವನ್ನು ಉಪದೇಶಿಸಿದ್ದು.

ಉಪವಾಸವೂ ಅಕ್ಷರಪರೀಕ್ಷೆಯೂ ಒಂದೇ ಆಸನದಲ್ಲಿ ನಡೆದ ಈ ವೃತ್ತಾಂತವನ್ನು ಶ್ರುತಪಂಚಮಿಯಂದು ಕೇಳಿ ಮರೆಯುವವರೇ ಹೆಚ್ಚು. ಯುವಕನ ಆಡ್-ಇನ್ ಮಾಡಬಹುದಾದದ್ದು ಇದರ ಮೊದಲ ಅರ್ಧವನ್ನು ಮಾತ್ರ. ಹಲ್ಲು ಚಾಚಿದೆ, ಕಣ್ಣೊಂದಿಲ್ಲ ಎಂದು ಅದು ತೋರಿಸೀತು. ಮಂತ್ರವನ್ನು ತಿದ್ದುವುದು ಜಪಿಸುವವನ ಕೆಲಸ.

ಹೊರಗೆ ವಿಕಾರವೇ ಕಾಣದ ಪತ್ರಗಳೂ ಇವೆ. ದೃಷ್ಟಾಂತದ ಯುವಕನಿಗೇ ಅಂಥದೊಂದು ಪ್ರಸಂಗ ಬಂದಿತೆಂದು ಇಟ್ಟುಕೊಳ್ಳಬಹುದು. ಊರಿನ ಮನೆಯ ಆಡಳಿತ ಅವನ ಸೋದರಮಾವನ ಕೈಯಲ್ಲಿದೆ. ಅಳಿಯಸಂತಾನದ ಕಟ್ಟಳೆ ಕಾನೂನಿನಲ್ಲಿ ಸಡಿಲವಾಗಿ ಎಷ್ಟೋ ವರ್ಷಗಳಾದರೂ ಮನೆಗಳಲ್ಲಿ ಮಾವನ ಮಾತಿಗೆ ಇನ್ನೂ ತೂಕವಿದೆ. ಮನೆತನದ ಬಸದಿಯ ಜೀರ್ಣೋದ್ಧಾರಕ್ಕೆ ಎಲ್ಲರೂ ಕೊಟ್ಟ ಹಣದಲ್ಲಿ ಒಂದು ಮೊತ್ತ ಲೆಕ್ಕದಲ್ಲಿ ಕಾಣುತ್ತಿಲ್ಲ. ಚತುರ್ದಶಿಯ ಸಂಜೆ, ಉಪವಾಸದ ಹೊಟ್ಟೆಯಲ್ಲಿ, ಅವನು ಮಾವನಿಗೆ ಪತ್ರ ಬರೆಯುತ್ತಾನೆ. ಒಂದು ಬೈಗುಳವಿಲ್ಲ. ಅಂಕೆಗಳೆಲ್ಲ ಸರಿ. ಲೆಕ್ಕದ ಪಟ್ಟಿಯನ್ನು ಲಗತ್ತಿಸಿದ್ದಾನೆ. ಪ್ರತಿಯನ್ನು ಮುಂಬಯಿ, ಮಂಗಳೂರು, ಮಸ್ಕತ್ತುಗಳಲ್ಲಿರುವ ಎಂಟು ಮಂದಿ ಬಂಧುಗಳಿಗೂ ಹಾಕಿದ್ದಾನೆ. ಗುಂಡಿಯೊತ್ತುತ್ತಾನೆ. ಅವನೇ ಕಟ್ಟಿದ ಕಾವಲುಗಾರನು ಎದ್ದು ನೋಡುತ್ತಾನೆ: ವಿಳಾಸಗಳು ಒಂಬತ್ತು, ಲಗತ್ತು ಒಂದು, ದೋಷವಿಲ್ಲ. ಕೇಳುವುದು ಒಂದೇ ಪ್ರಶ್ನೆ, ಒಂಬತ್ತು ಮಂದಿಗೂ ಕಳುಹಿಸುವುದೇ?

ಆ ಪ್ರಶ್ನೆಯ ಎದುರಿಗೆ ಅವನು ಎಷ್ಟು ಹೊತ್ತು ಕುಳಿತಿರುತ್ತಾನೆ ಎಂಬುದರಲ್ಲೇ ಎಲ್ಲವೂ ಇದೆ. ಪತ್ರದಲ್ಲಿ ಸುಳ್ಳಿಲ್ಲ. ಆದರೆ ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಸತ್ಯಾಣುವ್ರತಿಗೆ ಹಾಕಿದ ಕಟ್ಟು ಬರಿಯ ಸುಳ್ಳಿಗೆ ನಿಲ್ಲುವುದಿಲ್ಲ. ಇನ್ನೊಬ್ಬರಿಗೆ ವಿಪತ್ತನ್ನು ತರುವ ಸತ್ಯವನ್ನೂ ಆಡದಿರುವವನು, ಆಡಿಸದಿರುವವನು ವ್ರತಿ. ಹಾಗೆಂದು ಬಸದಿಯ ಹಣದ ಲೆಕ್ಕವನ್ನು ಕೇಳದೆ ಬಿಡಬೇಕೆ? ಬಿಡಬಾರದು. ದೇವದ್ರವ್ಯದ ವಿಷಯದಲ್ಲಿ ಸುಮ್ಮನಿರುವುದು ಭೀರುತ್ವ, ಅದನ್ನೂ ಬಿಡಬೇಕೆಂದೇ ಮೂರನೆಯ ಭಾವನೆ ಹೇಳುವುದು. ಲೆಕ್ಕವನ್ನು ಕೇಳುವುದಕ್ಕೆ ಒಂದು ವಿಳಾಸ ಸಾಕಾಗಿತ್ತು. ಉಳಿದ ಎಂಟು ವಿಳಾಸಗಳನ್ನು ಬರೆದ ಕೈ ಯಾವುದು? ಕ್ರೋಧವೇ, ಮಾವನ ಸ್ಥಾನದ ಮೇಲಿನ ಲೋಭವೇ? ಇದನ್ನು ಯಾವ ಆಡ್-ಇನ್ನೂ ಎಣಿಸಲಾರದು. ಪತ್ರದ ಭಾಷೆಯಲ್ಲಿ ಕಟುತ್ವವಿದೆಯೇ ಎಂದು ತೂಗಿ ನೋಡುವ ಯಂತ್ರಗಳು ಈಗ ಬಂದಿವೆ. ಈ ಪತ್ರವನ್ನು ಅವುಗಳ ಮುಂದೆ ಇಟ್ಟರೆ ಸೌಮ್ಯವೆಂದೇ ಹೇಳಿಯಾವು.

ಅದೇ ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ ತಿಮ್ಮಣ್ಣ ಅಜಿಲರು 1604ರಲ್ಲಿ ನಿಲ್ಲಿಸಿದ ಬಾಹುಬಲಿಯ ಮೂರ್ತಿಯಿದೆ. ಮಲ್ಲಯುದ್ಧದಲ್ಲಿ ಅಣ್ಣನನ್ನು ಎತ್ತಿ ಹಿಡಿದ ಬಾಹುಬಲಿಗೆ ನೆಲಕ್ಕೆ ಅಪ್ಪಳಿಸುವ ಬಲವೂ ಇತ್ತು, ನ್ಯಾಯವೂ ಅವನ ಪಕ್ಷದಲ್ಲಿತ್ತು, ನೋಡುವುದಕ್ಕೆ ಎರಡು ಸೇನೆಗಳೂ ನೆರೆದಿದ್ದವು. ಎತ್ತಿದ ಕೈ ಇಳಿಯುವ ಮೊದಲು ಅವನು ವಿಚಾರಿಸಿದನು. ಅಣ್ಣನನ್ನು ಮೆಲ್ಲನೆ ಇಳಿಸಿದನು. ಆ ಮೂರ್ತಿಯ ಪಾದಕ್ಕೆ ಹುಡುಗನಾಗಿದ್ದಾಗ ಯುವಕನು ಎಷ್ಟು ಸಲ ಪ್ರದಕ್ಷಿಣೆ ಬಂದಿದ್ದಾನೋ!

ಅವನು ಗುಂಡಿಯಿಂದ ಕೈ ತೆಗೆದು ಎಂಟು ವಿಳಾಸಗಳನ್ನು ಒಂದೊಂದಾಗಿ ಅಳಿಸುತ್ತಾನೆ. ಬರೆದದ್ದನ್ನೂ ಅಳಿಸಿ, ಲೆಕ್ಕದ ಪಟ್ಟಿಯನ್ನು ಹಾಗೆಯೇ ಉಳಿಸಿ, ಮೇಲೆ ಎರಡು ಸಾಲು ಬರೆಯುತ್ತಾನೆ: “ಮಾವ, ಬಸದಿಯ ಲೆಕ್ಕದಲ್ಲಿ ಒಂದು ಮೊತ್ತ ನನಗೆ ಕಾಣುತ್ತಿಲ್ಲ. ಬರುವ ಶನಿವಾರ ಊರಿಗೆ ಬರುತ್ತೇನೆ, ಪುಸ್ತಕವನ್ನು ತಾವೂ ನಾನೂ ಒಟ್ಟಿಗೆ ಕುಳಿತು ನೋಡೋಣ.” ಕಾವಲುಗಾರನು ಈ ಸಲ ಏನನ್ನೂ ಕೇಳುವುದಿಲ್ಲ. ಮರುದಿನ ಪಾರಣೆಯಾದ ಬಳಿಕ ಯುವಕನು ಶುಕ್ರವಾರದ ರಾತ್ರಿಗೆ ಬಿ.ಸಿ.ರೋಡಿನವರೆಗಿನ ಬಸ್ಸಿನಲ್ಲಿ ಒಂದು ಆಸನವನ್ನು ಕಾದಿರಿಸುತ್ತಾನೆ.